ಬಿಸಿನೀರಿನ ಭಾನುವಾರಗಳು

ಪುಷ್ಪಾ ನನ್ನ ಜಗುಲಿಯನ್ನು ಕೇಳಲು ಬಂದದ್ದು ಯುಗಾದಿಗೆ ಸ್ವಲ್ಪ ಮೊದಲು. ಒಳಗೆ ಬಾ ಎಂದರೂ ಬಾರದೆ ಬಾಗಿಲು ಹಿಡಿದು ನಿಂತು, ಆ ಮೂಲೆ ಖಾಲಿಯೇ ಇದೆಯಲ್ಲ, ಅಲ್ಲೊಂದು ಹೊಲಿಗೆ ಮಿಷನ್ ಹಾಕಿಕೊಳ್ಳಲೇ ಎಂದಳು. ಮಂಡ್ಯದ ಗುತ್ತಲಿನಲ್ಲಿ ನಮ್ಮದು ಅಕ್ಕಪಕ್ಕದ ಮನೆ. ಅವರ ಬಾಗಿಲು ತೆಗೆದರೆ ನೇರ ರಸ್ತೆ, ನನ್ನದಕ್ಕೆ ಜಗುಲಿ ಇದೆ. ರವಿಕೆ ಅಳತೆ ಕೊಡಲು ಬಂದವರು ಕೂರುವುದಕ್ಕೆ ಅನುಕೂಲ. ಕೇಳಿದ್ದು ಸರಿಯಾಗಿಯೇ ಇತ್ತು. ಆದರೆ ಗೆಜ್ಜಲಗೆರೆಯ ಗಾರ್ಮೆಂಟ್ಸಿನಲ್ಲಿ ಒಂದು ಇಡೀ ಲೈನಿಗೆ ಸೂಪರ್‌ವೈಸರ್ ಆಗಿರುವವಳಿಗೆ ನನ್ನ ಜಗುಲಿಯಲ್ಲಿ ಏನು ಕೆಲಸ?

“ಈ ತಿಂಗ್ಳು ಮುಗುದ್ರೆ ಕೆಲ್ಸ ಬುಟ್ಬುಡ್ತೀನಿ ಟೀಚರಮ್ಮ,” ಎಂದಳು. “ಕಾಲು ನಾ ಯೋಳಿದ್ ಮಾತು ಕೇಳ್ತಿಲ್ಲ. ಅವ್ರಾಗ್ ಅವ್ರು ಕಳ್ಸೋಕ್ ಮುಂಚೆ ನಾನೇ ಬಂದ್ಬುಟ್ರೆ ಮರ್ಯಾದೆ.”

ಅವಳ ಕಾಯಿಲೆ ನನಗೆ ಹೊಸದಲ್ಲ. ಅವಳ ಮಗಳು ಇನ್ನೂ ಪ್ರೈಮರಿಯಲ್ಲಿದ್ದಾಗ ಒಂದು ಬೆಳಿಗ್ಗೆ ಪುಷ್ಪಾಳ ಒಂದು ಕಣ್ಣು ಮಂಜಾಯಿತು. ಆಮೇಲೆ ಎಡಗಾಲು ಜೋಮು ಹಿಡಿಯಿತು. ಮೈಸೂರಿನಲ್ಲಿ ಸ್ಕ್ಯಾನ್ ಮಾಡಿ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ಅಷ್ಟುದ್ದ ಯಾರಿಗೂ ಬಾಯಿಗೆ ಬರದೆ ಎಂ.ಎಸ್. ಎಂದೇ ರೂಢಿಯಾಯಿತು. ಅವಳ ಅತ್ತೆ ಚಿಕ್ಕನಂಜಮ್ಮ ಒಮ್ಮೆ ದೇವಸ್ಥಾನದಲ್ಲಿ ‘ನಮ್ ಸೊಸೆಗೆ ಎಮ್ಮೆಸ್ ಆಗದೆ’ ಎಂದಾಗ, ಪಕ್ಕದವರು ಯಾವ ಕಾಲೇಜಿನಲ್ಲಿ ಎಂದು ಕೇಳಿದ್ದರಂತೆ. ನಮ್ಮ ದೇಹವೇ ತಪ್ಪು ತಿಳಿದು ತನ್ನ ನರಗಳ ಮೇಲಿನ ಹೊದಿಕೆಯನ್ನು ಅಲ್ಲಲ್ಲಿ ಕೆರೆದುಬಿಡುವ ಕಾಯಿಲೆ ಅದು. ಹೋಗುವಂಥದ್ದಲ್ಲ, ಆದರೆ ಹತೋಟಿಯಲ್ಲಿ ಇಡಬಹುದು. ಪುಷ್ಪಾ ಔಷಧ ತಪ್ಪಿಸದೆ ತೆಗೆದುಕೊಂಡು, ಆ ಗಾರ್ಮೆಂಟ್ಸಿನಲ್ಲೇ ಟೈಲರ್ ಆಗಿದ್ದವಳು ಸೂಪರ್‌ವೈಸರ್ ಆದಳು. ಬೆಳಿಗ್ಗೆ ಬ್ಯಾಗು ತಗುಲಿಸಿಕೊಂಡು ಬಸ್ಸಿಗೆ ಹೊರಟಳೆಂದರೆ ಹಿಂದೆ ಇಬ್ಬರು ಮೂವರು ಹುಡುಗಿಯರು ‘ಪುಷ್ಪಕ್ಕ, ನಿಲ್ಲಕ್ಕ’ ಎಂದು ಓಡುತ್ತಿದ್ದರು. ಅದನ್ನು ನೋಡುವುದು ನನ್ನ ಬೆಳಗಿನ ಸಂತೋಷಗಳಲ್ಲಿ ಒಂದಾಗಿತ್ತು. ಈಗ ಅದನ್ನೇ ಬಿಡುತ್ತೇನೆ ಎನ್ನುತ್ತಿದ್ದಾಳೆ.

ಬಿಡು ಎಂದೂ ಬೇಡ ಎಂದೂ ಹೇಳಲು ನಾನು ಯಾರು? ಕೂರಿಸಿ ಕಾಫಿ ಕೊಟ್ಟೆ.

ಕುಡಿಯುತ್ತಿದ್ದವಳ ಮುಖ ಇದ್ದಕ್ಕಿದ್ದಂತೆ ಕೆಂಪಾಯಿತು. ಕುತ್ತಿಗೆಯಿಂದ ಹಣೆಯವರೆಗೆ ಬೆವರು ಒಡೆಯಿತು. ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಾಗಲೇ ಎಡಗೈಯಲ್ಲಿದ್ದ ಲೋಟ ಜಾರಿ ಬಿತ್ತು. ಅವಳು ಲೋಟದ ಕಡೆ ನೋಡದೆ ತನ್ನ ಕೈಯನ್ನೇ ನೋಡಿದಳು. ಆ ನೋಟ ನನಗೆ ಮರೆಯಲಾಗಲಿಲ್ಲ. ಫ್ಯಾನ್ ಜೋರು ಮಾಡಿ, ಒದ್ದೆ ಟವೆಲ್ ಕೊಟ್ಟು, ನಾನು ನೆಲ ಒರೆಸಿ ಬಂದೆ. ಅಷ್ಟು ಹೊತ್ತಿಗೆ ಅವಳು ಅದೇ ಎಡಗೈಯಲ್ಲಿ ಲೋಟ ಎತ್ತಿ, ತೊಳೆದು, ಮೇಲಿನ ತಟ್ಟೆ ಸ್ಟ್ಯಾಂಡಿನಲ್ಲಿ ಬೋರಲು ಹಾಕುತ್ತಿದ್ದಳು.

ಅವಳು ಹೋದ ಮೇಲೆ ನಾನು ಯೋಚಿಸುತ್ತ ಕುಳಿತೆ. ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ನರರೋಗ ನನಗೆ ಗೊತ್ತಿಲ್ಲ. ಆದರೆ ಮಕ್ಕಳಿಗೆ ಜೀವನವಿಡೀ ‘ಯಾಕೆ’ ಎಂದು ಕೇಳಿ ಕೇಳಿ ಅದು ನನಗೇ ಅಂಟಿಕೊಂಡಿದೆ. ಕಾಯಿಲೆ ಮುಂದುವರಿದು ಕೈಯ ಶಕ್ತಿ ಹೋಗಿದ್ದರೆ, ಫ್ಯಾನಿನ ಕೆಳಗೆ ಕುಳಿತ ಮಾತ್ರಕ್ಕೆ ಅದು ಹಿಂದಿರುಗಿ ಬರುವುದೇ? ಹೋದದ್ದು ಎಲ್ಲಿಗೆ ಹೋಗಿತ್ತು?

ಅಂದಿನಿಂದ ನಾನು ಪುಷ್ಪಾಳನ್ನು ಗಮನಿಸತೊಡಗಿದೆ. ಬೆಳಿಗ್ಗೆ ಬಸ್ಸಿಗೆ ಹೋಗುವಾಗ ನಡಿಗೆ ಒಂದು ಮಟ್ಟಿಗೆ ಸರಿಯೇ ಇತ್ತು. ಸಂಜೆ ಇಳಿದು ಬರುವಾಗ ಎಡಗಾಲನ್ನು ಎಳೆಯುತ್ತಿದ್ದಳು. ಎಲ್ಲಕ್ಕಿಂತ ಕೆಟ್ಟದ್ದು ಭಾನುವಾರ. ರಜೆಯ ದಿನವೇ ಹೀಗೇಕೆ ಎಂಬುದು ನನಗೆ ಬಗೆಹರಿಯಲಿಲ್ಲ.

ಉತ್ತರ ನಮ್ಮ ಹಿತ್ತಲಿನ ಮೋಟುಗೋಡೆಯ ಆಚೆಯೇ ಇತ್ತು. ಭಾನುವಾರ ಬೆಳಗಾದರೆ ಚಿಕ್ಕನಂಜಮ್ಮ ಬಚ್ಚಲಿನ ಹಂಡೆಗೆ ತೆಂಗಿನ ಮಟ್ಟೆ ಒಟ್ಟಿ ಬೆಂಕಿ ಹಾಕುತ್ತಾರೆ. ಮಳವಳ್ಳಿ ಕಡೆಯ ಹಳ್ಳಿಯಲ್ಲಿ ಹುಟ್ಟಿ ಬೆಳೆದವರು. ಗೀಸರ್ ನೀರು ನೀರೇ ಅಲ್ಲ ಎನ್ನುವುದು ಅವರ ವಾದ. ಹರಳೆಣ್ಣೆ ಬೆಚ್ಚಗೆ ಮಾಡಿ ಸೊಸೆಯ ತಲೆ, ಬೆನ್ನು, ಕಾಲಿಗೆ ತಿಕ್ಕಿ, ಮೈ ಕೆಂಪಾಗುವಷ್ಟು ಸುಡುವ ನೀರನ್ನು ಚೊಂಬು ಚೊಂಬಾಗಿ ಹುಯ್ಯುತ್ತಾರೆ. ವಯಸ್ಸಾದ ಜೀವ, ಹೊಗೆಗೆ ಕಣ್ಣು ಉರಿದು ನೀರು ಸುರಿಯುತ್ತಿರುತ್ತದೆ. ಆದರೂ ಒಂದು ವಾರ ತಪ್ಪಿಸಿದವರಲ್ಲ. ಸೊಸೆಗೆ ಕೈಯಾರೆ ಎಣ್ಣೆನೀರು ಹಾಕುವ ಅತ್ತೆಯಂದಿರು ನಮ್ಮ ಬೀದಿಯಲ್ಲಿ ಇನ್ನೊಬ್ಬರಿಲ್ಲ. ಆ ಭಾನುವಾರ ನಾನು ಬಟ್ಟೆ ಒಣಹಾಕುವ ನೆಪದಲ್ಲಿ ಅಲ್ಲೇ ನಿಂತಿದ್ದೆ. ಬಚ್ಚಲಿಗೆ ತಾನೇ ನಡೆದುಹೋದ ಪುಷ್ಪಾ, ಸ್ನಾನವಾಗಿ ಬರುವಾಗ ಗೋಡೆ ಹಿಡಿದು, ಅಡಿಗೆಮನೆಯ ಮೆಟ್ಟಿಲ ಬಳಿ ನಿಂತು, ಕೊನೆಗೆ ಅತ್ತೆಯ ಹೆಗಲು ಹಿಡಿದು ಹತ್ತಿದಳು. “ನರ ಸಡ್ಲಾಗವೆ ಕಣವ್ವ, ವಸಿ ಒತ್ತು ಮನಿಕೋ,” ಎನ್ನುತ್ತ ಚಿಕ್ಕನಂಜಮ್ಮ ಅವಳನ್ನು ಒಳಗೆ ಕರೆದುಕೊಂಡು ಹೋದರು.

ಸಂಜೆ ಅವಳನ್ನು ಜಗುಲಿಗೆ ಕರೆದೆ. ಮಿಷನ್ ಎಲ್ಲಿ ಇಡಬೇಕೆಂದು ನೋಡುವ ನೆಪ. ಕೆಲಸದ ವಿಚಾರ ಕೇಳಿದೆ. ಮೊದಲೆಲ್ಲ ಲೈನಿನ ಉದ್ದಕ್ಕೂ ಓಡಾಡುತ್ತಿದ್ದಳಂತೆ. ಕಾಲೆಳೆಯುವುದನ್ನು ಕಂಡ ಫ್ಲೋರ್ ಇನ್‌ಚಾರ್ಜ್ ಶಿವರಾಜು, ಅಕ್ಕ ನೀವು ಕೂತೇ ಕೆಲಸ ಮಾಡಿ ಎಂದು ಅವಳಿಗಾಗಿಯೇ ಒಂದು ಕುರ್ಚಿ ಹಾಕಿಸಿ ಫಿನಿಶಿಂಗ್ ವಿಭಾಗಕ್ಕೆ ಕಳಿಸಿದನಂತೆ. ಅಲ್ಲೇನು ಮಾಡುತ್ತಾರೆ ಎಂದೆ. ಹೊಲಿದ ಶರ್ಟುಗಳಿಗೆ ಇಸ್ತ್ರಿ ಹಾಕಿ ಮಡಿಸುತ್ತಾರೆ, ಸುತ್ತ ಹಬೆ ಇಸ್ತ್ರಿಪೆಟ್ಟಿಗೆಗಳೇ ಎಂದಳು. ಅಲ್ಲಿಗೆ ಹೋದ ಮೇಲೆ ಕಾಲು ಇನ್ನೂ ಕೆಟ್ಟಿತು. ಕೂತರೂ ಹೀಗಾದ ಮೇಲೆ ಇನ್ನು ಆಯಿತು ಎಂದು ಅವಳಿಗೆ ಅನಿಸಿದ್ದೇ ಆಗ.

ಅತ್ತೆಯ ಹಂಡೆ, ಶಿವರಾಜುವಿನ ಕುರ್ಚಿ, ನಾನು ಕೊಟ್ಟ ಸುಡುಸುಡು ಕಾಫಿ. ನಮ್ಮ ಕಡೆ ಅಕ್ಕರೆ ಎಂದರೆ ಬಿಸಿ. ಮುದ್ದೆಯಲ್ಲಿ ಹಬೆ ಏಳದಿದ್ದರೆ ಬಡಿಸಿದವಳಿಗೆ ಮನಸ್ಸಿಲ್ಲ ಎಂದು ಅರ್ಥ. ಈ ಹುಡುಗಿಯನ್ನು ನಾವೆಲ್ಲ ಸೇರಿ ಪ್ರೀತಿಯಿಂದ ಕುದಿಸುತ್ತಿದ್ದೇವೆಯೇ?

ಆದರೆ ಆ ಲೆಕ್ಕದಲ್ಲಿ ಒಂದು ಕೊಂಡಿ ಕಳಚಿತ್ತು. ಹಂಡೆ ಮೊದಲಿನಿಂದಲೂ ಇದೆ, ಬೇಸಿಗೆಯೂ ಹೊಸದಲ್ಲ. ಹೋದ ವರ್ಷದವರೆಗೆ ತಡೆದುಕೊಂಡ ಮೈ ಈಗೇಕೆ ತಡೆಯುತ್ತಿಲ್ಲ? ಅಂದು ಕಂಡ ಕೆಂಪು ಮುಖ ನೆನಪಾಯಿತು. ಅದನ್ನು ನಾನು ಬಲ್ಲೆ. ಹಿಂದೆ ಪಾಠದ ನಡುವೆ ನಾನೂ ಹಾಗೆ ಬೆವೆತು, ಕಿಟಕಿ ತೆಗೆಯಿರಿ ಎಂದು ಮಕ್ಕಳಿಗೆ ಹೇಳುತ್ತಿದ್ದೆ.

ತಿಂಗಳ ಮುಟ್ಟು ಸರಿಯಾಗಿ ಆಗುತ್ತಿದೆಯೇ ಎಂದು ಕೇಳಿದೆ.

ಪುಷ್ಪಾ ರಸ್ತೆಯ ಕಡೆ ನೋಡಿ, ಗಂಡ ಪುಟ್ಟರಾಜು ಅಲ್ಲೆಲ್ಲೂ ಇಲ್ಲವೆಂದು ಖಚಿತ ಮಾಡಿಕೊಂಡಳು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು. ವರ್ಷದಿಂದ ಏರುಪೇರು. ಒಮ್ಮೆ ಎರಡು ತಿಂಗಳು ಇಲ್ಲ, ಒಮ್ಮೆ ಬೇಗನೆ. ನಿದ್ದೆಯಲ್ಲಿ ಮೈ ಹತ್ತಿ ಉರಿದಂತಾಗಿ ಎಚ್ಚರವಾಗುತ್ತದೆ. ಹೆಸರುಗಳು ಮರೆತುಹೋಗುತ್ತವೆ. ನರದ ಡಾಕ್ಟರಿಗೆ ಇದನ್ನು ಹೇಳಿದ್ದೀಯಾ ಎಂದೆ.

“ಅಯ್ಯೋ, ಅದನ್ನ್ಯಾಕ್ ಯೋಳ್ಲಿ? ಪಕ್ಕದಲ್ಲಿ ಇವ್ರು ಕೂತಿರ್ತಾರೆ. ಆ ಡಾಕ್ಟ್ರು ನೋಡುದ್ರೆ ನಮ್ ತಮ್ಮನ್ ವಯಸ್ಸು. ಅವ್ರು ನರದೋರು, ಇದು ಬ್ಯಾರೆ ಇಲಾಖೆ ಅಲ್ವಾ?”

ನಾನು ನಕ್ಕುಬಿಟ್ಟೆ, ಅವಳೂ ನಕ್ಕಳು. ಆದರೆ ಆಮೇಲೆ ಅನಿಸಿತು: ಅವಳು ಮೈನೆರೆದಾಗ ತವರಿನ ಬೀದಿಯಲ್ಲಿ ಸೊಪ್ಪಿನ ಗುಡಿಸಲು ಹಾಕಿ, ಹಾಡು ಹೇಳಿ, ಮನೆಮನೆಗೂ ಎಳ್ಳು ಬೆಲ್ಲ ಕುಟ್ಟಿದ ಚಿಗಳಿ ಹಂಚಿರುತ್ತಾರೆ. ಬರುವಾಗ ಊರಿಗೆಲ್ಲ ಸಾರುತ್ತೇವೆ. ಹೋಗುವಾಗ ವೈದ್ಯರಿಗೂ ಹೇಳುವುದಿಲ್ಲ.

ಹೆಂಗಸರ ಡಾಕ್ಟರನ್ನು ನೋಡೋಣ ಎಂದರೆ ಮಂಡ್ಯ ಬೇಡ ಎಂದಳು, ಎಲ್ಲಿ ಹೋದರೂ ಗಾರ್ಮೆಂಟ್ಸ್ ಹುಡುಗಿಯರು ಸಿಗುತ್ತಾರಂತೆ. ಹಾಗಾಗಿ ಬಸ್ಸು ಹತ್ತಿ ಮದ್ದೂರಿಗೆ ಹೋದೆವು. ಕ್ಲಿನಿಕ್ಕಿನ ಬೆಂಚಿನ ಮೇಲೆ ಮೊದಲು ಕಂಡವರೇ ಚಿಕ್ಕಬೋರಮ್ಮ, ಚಿಕ್ಕನಂಜಮ್ಮನವರ ಚಿಕ್ಕಪ್ಪನ ಮಗಳು. ಮಳವಳ್ಳಿಯಿಂದ ಮೊಮ್ಮಗಳ ಬಸಿರು ತೋರಿಸಲು ಬಂದಿದ್ದರು. ಪುಷ್ಪಾಳನ್ನು ಮೇಲಿಂದ ಕೆಳಗೆ ನೋಡಿ, ಎಲ್ಲರಿಗೂ ಕೇಳುವಂತೆ, “ಏನವ್ವಾ ಪುಸ್ಪ, ಈ ವಯಸ್ನಲ್ಲಿ ಇಸೇಸಾನಾ?” ಎಂದರು. ಪುಷ್ಪಾಳ ಮುಖ ಆಗ ಕೆಂಪಾದದ್ದಕ್ಕೆ ಹಾರ್ಮೋನು ಕಾರಣವಲ್ಲ.

ಆ ಡಾಕ್ಟರು ಅವಸರವಿಲ್ಲದ ಹೆಂಗಸು. ಎಲ್ಲವನ್ನೂ ಕೇಳಿಕೊಂಡು, ಮುಟ್ಟು ಪೂರ್ತಿ ನಿಲ್ಲುವುದಕ್ಕೆ ಮುಂಚಿನ ಕೆಲವು ವರ್ಷಗಳು ಹೀಗೇ ಇರುತ್ತವೆ ಎಂದರು. ಈಸ್ಟ್ರೋಜೆನ್ ಹಾರ್ಮೋನು ಒಂದೇ ಸಮನೆ ಇಳಿಯುವುದಿಲ್ಲ. ಏರುತ್ತದೆ, ಬೀಳುತ್ತದೆ. ಅದರ ಜೊತೆಗೆ ಮೈಯ ಬಿಸಿಯೂ ದಿಢೀರನೆ ಏರುತ್ತದೆ. ಬೇರೆ ಹೆಂಗಸರಿಗೆ ಅದು ಬರೀ ಸೆಕೆ. ಪುಷ್ಪಾಳ ನರಗಳ ಮೇಲೆ ಹಳೆಯ ಗಾಯದ ಗುರುತುಗಳಿವೆ, ಮೈ ಸ್ವಲ್ಪ ಕಾದರೂ ಅಲ್ಲಿ ಸಂದೇಶ ಮುಗ್ಗರಿಸುತ್ತದೆ, ತಣ್ಣಗಾದರೆ ಮತ್ತೆ ಸಾಗುತ್ತದೆ. ಅದಕ್ಕೇ ಕೈ ಹೋಗಿ ಕೈ ಬಂದದ್ದು. ರಾತ್ರಿಯ ಬೆವರಿನಿಂದ ನಿದ್ದೆ ಕೆಟ್ಟರೆ ಸುಸ್ತು, ಮರೆವು ಇನ್ನೂ ಹೆಚ್ಚು.

ಹಾಗಾದರೆ ಕಾಯಿಲೆ ಬೆಳೆದಿಲ್ಲವೇ ಎಂದು ಪುಷ್ಪಾ ಕೇಳಿದಳು. ಅದನ್ನು ನಾನು ಹೇಳಲಾರೆ ಎಂದರು ಡಾಕ್ಟರು. ಮೂತ್ರದಲ್ಲಿ ಸೋಂಕಿದ್ದರೂ ಹೀಗಾಗಬಹುದು, ನಿಜವಾಗಿಯೇ ಕಾಯಿಲೆ ಮರುಕಳಿಸಿದ್ದರೂ ಹೀಗಾಗಬಹುದು. ಪರೀಕ್ಷೆ ಮಾಡಿಸಿ, ನರದ ಡಾಕ್ಟರ ಬಳಿ ಹೋಗಿ ಇದೆಲ್ಲವನ್ನೂ ಬಾಯಿಬಿಟ್ಟು ಹೇಳು ಎಂದರು. ಹಾರ್ಮೋನು ಕಡಿಮೆಯಾಗುವುದರಿಂದ ಕಾಯಿಲೆಯೇ ಮುಂದುವರಿಯುತ್ತದೆಯೇ ಎಂದು ನಾನು ಕೇಳಿದೆ. ಅದನ್ನು ಇನ್ನೂ ಅಧ್ಯಯನ ಮಾಡುತ್ತಿದ್ದಾರೆ, ಖಚಿತ ಉತ್ತರ ಇನ್ನೂ ಇಲ್ಲ ಎಂದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದ ಆ ಮಾತಿನಿಂದಲೇ ನನಗೆ ಅವರ ಮೇಲೆ ನಂಬಿಕೆ ಬಂತು.

ನಾವು ಬಸ್ಸಿಳಿದು ಗುತ್ತಲು ತಲುಪುವುದರೊಳಗೆ ಚಿಕ್ಕಬೋರಮ್ಮನ ಫೋನು ತಲುಪಿತ್ತು. ಚಿಕ್ಕನಂಜಮ್ಮ ಬಾಗಿಲಲ್ಲೇ ನಿಂತಿದ್ದರು. “ಏನು, ಇಸೇಸ ಅಂತೆ?” ಎಂದರು. ದನಿಯಲ್ಲಿ ಸಿಟ್ಟಿಗಿಂತ ಗಾಬರಿಯಿತ್ತು. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಒಳಗೆ ಕೂತು ಎಲ್ಲವನ್ನೂ ಹೇಳಿದೆವು. ಮುಟ್ಟು ನಿಲ್ಲುವ ಕಾಲ ಎಂದಾಗ ಅವರು ಸಮಾಧಾನದಿಂದ ತಲೆಯಾಡಿಸಿದರು. ಬಿಸಿ ಆಗದು ಎಂಬ ಮಾತು ಬಂದಾಗ ಅವರ ತಲೆಯಾಟ ನಿಂತಿತು. ತಮ್ಮ ಅಂಗೈಗಳನ್ನು ನೋಡಿಕೊಂಡರು.

“ಅಂಗಾರೆ ನಾನು ಉಯ್ದ ನೀರೇ ಈ ಮಗಾನ ಮೂಲೆಗೆ ಕೂರ್ಸ್ತಾ?”

ನಾನು ಏನೋ ಸಮಾಧಾನ ಹೇಳಲು ಹೊರಟೆ. ಆ ಬಿಸಿ ಹೊಸ ಗಾಯ ಮಾಡುವುದಿಲ್ಲ, ಆರಿದ ಮೇಲೆ ಸರಿಹೋಗುತ್ತದೆ ಎಂದು ಡಾಕ್ಟರೇ ಹೇಳಿದ್ದರು. ಅಷ್ಟರಲ್ಲಿ ಪುಷ್ಪಾ ಅತ್ತೆಯ ಪಕ್ಕ ಸರಿದು ಕುಳಿತಳು.

“ನೀವು ಎಣ್ಣೆ ತಿಕ್ಕೋದು ಬೇಕು ಕಣತ್ತೆ. ಬೆಂಕಿ ಒಂದು ಬ್ಯಾಡ.”

ಚಿಕ್ಕನಂಜಮ್ಮ ಮೂಗು ಒರೆಸಿಕೊಂಡು, ತಣ್ಣೀರು ಹುಯ್ದರೆ ಶೀತವಾಗುವುದಿಲ್ಲವೇ, ಬೀದಿಯವರು ಏನಂದಾರು ಎಂದು ಗೊಣಗಿದರು. ಅದು ಒಪ್ಪಿಗೆ ಎಂದು ನಮಗೆ ಗೊತ್ತಾಯಿತು.

ನರದ ಡಾಕ್ಟರು ವಾರಕ್ಕೊಮ್ಮೆ ಮಂಡ್ಯಕ್ಕೆ ಬರುತ್ತಾರೆ. ಅವರ ಬಳಿ ಹೋಗುವ ದಿನ ಪುಟ್ಟರಾಜು ರಜೆ ಹಾಕಿದ. ಅವನು ಕರೆಂಟು ಇಲಾಖೆಯಲ್ಲಿ ಲೈನ್‌ಮನ್, ಮಾತು ಕಡಿಮೆ. ಹೆಂಡತಿ ಕೆಲಸ ಬಿಡಲಿ ಎಂದು ಮೊದಲು ಹೇಳಿದವನೂ ಅವನೇ. ಅವಳು ಬಸ್ಸಿನಲ್ಲಿ ಬಿದ್ದುಗಿದ್ದರೆ ಎಂಬ ಹೆದರಿಕೆಗೆ. ನನ್ನನ್ನೂ ಜೊತೆಗೆ ಕರೆದರು. ಮೂತ್ರ ಪರೀಕ್ಷೆಯಲ್ಲಿ ಸೋಂಕು ಇರಲಿಲ್ಲ. ಮದ್ದೂರಿನ ಡಾಕ್ಟರು ಹೇಳಿದಂತೆ ಹೊಸ ಸ್ಕ್ಯಾನನ್ನೂ ಮಾಡಿಸಿದ್ದಾಗಿತ್ತು. ಆ ಹುಡುಗ ಡಾಕ್ಟರು ಚಿತ್ರಗಳನ್ನು ಬೆಳಕಿಗೆ ಹಿಡಿದು ನೋಡುವಷ್ಟು ಹೊತ್ತು ಪುಷ್ಪಾ ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಿದ್ದಳು.

ಹೊಸ ಗಾಯದ ಗುರುತು ಒಂದೂ ಇಲ್ಲ ಎಂದರು.

ಆಗ ಅವಳು ಹೇಳಿದಳು. ಗಂಡನ ಮುಂದೆಯೇ, ತಮ್ಮನ ವಯಸ್ಸಿನ ಆ ಡಾಕ್ಟರಿಗೆ, ಮುಟ್ಟಿನ ಏರುಪೇರಿನಿಂದ ಹಿಡಿದು ನಿದ್ದೆಯಲ್ಲಿ ಹತ್ತುವ ಉರಿಯವರೆಗೆ. ಡಾಕ್ಟರು ಕೇಳುತ್ತಲೇ ಕೈ ಚಾಚಿ ಮೇಜಿನ ಫ್ಯಾನನ್ನು ತಮ್ಮ ಕಡೆಯಿಂದ ಅವಳ ಕಡೆಗೆ ತಿರುಗಿಸಿದರು. ಇದನ್ನು ನಾನೇ ಕೇಳಬೇಕಿತ್ತು ಎಂದಷ್ಟೇ ಹೇಳಿ, ಮದ್ದೂರಿನ ಡಾಕ್ಟರ ಮಾತನ್ನೇ ಇನ್ನೊಂದು ಬಗೆಯಲ್ಲಿ ವಿವರಿಸಿದರು. ಮೈ ತಣ್ಣಗಿಟ್ಟುಕೊಳ್ಳಬೇಕು, ಉರಿ ತಗ್ಗಿಸಲು ಹಾರ್ಮೋನು ಮಾತ್ರೆ ಅವಳಿಗೆ ಹೊಂದುತ್ತದೆಯೇ ಎಂದು ನಾವಿಬ್ಬರು ಡಾಕ್ಟರೂ ಮಾತಾಡಿಕೊಂಡು ತೀರ್ಮಾನಿಸುತ್ತೇವೆ, ಆದರೆ ಬಲ ಕುಂದಿದ್ದು ತಣ್ಣಗಾದ ಮೇಲೂ ಉಳಿದು, ಒಂದು ದಿನ ಕಳೆದರೂ ಹೋಗದಿದ್ದರೆ ತಡಮಾಡದೆ ಬನ್ನಿ ಎಂದರು.

ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತಾಗ ಪುಟ್ಟರಾಜು ಮೇಲೆ ನೋಡುತ್ತಿದ್ದ. ಎದುರಿಗೆ ಕಂಬದಿಂದ ಕಂಬಕ್ಕೆ ತಂತಿ ಬಿಸಿಲಿಗೆ ಇಳಿಬಿದ್ದಿತ್ತು.

“ಬ್ಯಾಸ್ಗೇಲಿ ಲೈನು ಜೋತು ಬೀಳ್ತದೆ,” ಎಂದ. “ನೋಡ್ದೋರು ಲೈನೇ ಓಯ್ತು ಅಂತ ಫೋನ್ ಮಾಡ್ತಾರೆ. ಓಗಿರಕಿಲ್ಲ. ಕಾದಿರ್ತದೆ ಅಷ್ಟೆಯ.”

ಪುಷ್ಪಾ ಅವನ ಮುಖ ನೋಡಿದಳು. “ಅಂಗಾರೆ ಕೆಲ್ಸ?”

“ಸಿವರಾಜು ಜೊತೆ ಮಾತಾಡು. ಲೈನ್ ಚೇಂಜ್ ಮಾಡ್ಕೊಡ್ಲಿ,” ಎಂದು ಅವನು ಬೈಕಿನ ಕಡೆ ನಡೆದ. ಆದರೆ ಬೈಕ್ ಬಿಸಿಲಲ್ಲಿ ಕಾದಿತ್ತು. ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಹಿಂದಿನ ಸೀಟಿನ ಮೇಲೆ ಸುರಿದು, ಕೈಯಿಂದ ಮುಟ್ಟಿ ನೋಡಿ, ಆಮೇಲೆ ಹೆಂಡತಿಯನ್ನು ಕರೆದ. ನಾನು ಆಟೋದಲ್ಲಿ ಬಂದೆ. ದಾರಿಯುದ್ದಕ್ಕೂ ಆ ನೀರಿನ ಬಾಟಲಿಯೇ ಕಣ್ಣ ಮುಂದಿತ್ತು.

ಆ ಭಾನುವಾರ ಪಕ್ಕದ ಹಿತ್ತಲಿನಲ್ಲಿ ಹೊಗೆ ಏಳಲಿಲ್ಲ. ಹಂಡೆಗೆ ಹಿಂದಿನ ಸಂಜೆಯೇ ನೀರು ತುಂಬಿ ಇಟ್ಟಿದ್ದರಂತೆ. ಚಿಕ್ಕನಂಜಮ್ಮ ಎಂದಿನಂತೆ ಎಣ್ಣೆ ತಿಕ್ಕಿದರು, ಎಣ್ಣೆಯನ್ನು ಮಾತ್ರ ಕಾಯಿಸಿರಲಿಲ್ಲ. ಮೊದಲ ಚೊಂಬು ಹುಯ್ಯುವಾಗ ತಾವೇ ನಡುಗಿದರು. ಸ್ನಾನ ಮುಗಿಸಿ ಪುಷ್ಪಾ ಹೊರಗೆ ಬಂದಳು. ಮೆಟ್ಟಿಲ ಬಳಿ ಅಭ್ಯಾಸಬಲದಿಂದ ಗೋಡೆಗೆ ಕೈ ಚಾಚಿ, ಮುಟ್ಟದೆ, ಹತ್ತಿಹೋದಳು. ಹಿಂದೆ ನಿಂತ ಚಿಕ್ಕನಂಜಮ್ಮ ಸೊಸೆಯ ಪಾದಗಳನ್ನೇ ನೋಡುತ್ತಿದ್ದರು. ಖಾಲಿ ಚೊಂಬು ಅವರ ಕೈಯಲ್ಲೇ ಇತ್ತು.

ಶಿವರಾಜುವಿಗೆ ಹೇಳುವುದು ಅಷ್ಟು ಸುಲಭವಾಗಲಿಲ್ಲವಂತೆ. ನಿಮಗೆಂದೇ ಕುರ್ಚಿ ಹಾಕಿಸಿದ್ದೆನಲ್ಲ ಅಕ್ಕ ಎಂದು ಅವನು ಪೆಚ್ಚಾದ. ಕುರ್ಚಿ ಬೇಕು, ಜಾಗ ಬೇರೆ ಬೇಕು, ಬಿಸಿ ನನ್ನ ನರಕ್ಕೆ ಆಗುವುದಿಲ್ಲ ಎಂದಳಂತೆ ಪುಷ್ಪಾ. ಮಿಕ್ಕದ್ದನ್ನು ಅವನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅವನು ಕುರ್ಚಿಯನ್ನು ತಾನೇ ಎತ್ತಿಕೊಂಡು ಹೋಗಿ, ಬಟ್ಟೆ ಕತ್ತರಿಸುವ ವಿಭಾಗದ ದೊಡ್ಡ ಕಿಟಕಿಯ ಬಳಿ ಇಟ್ಟ. ಈಗ ಬೆಳಿಗ್ಗೆ ಸ್ವಲ್ಪ ಹೊತ್ತು ಲೈನಿನಲ್ಲಿ ಓಡಾಡುತ್ತಾಳೆ, ಬಿಸಿಲೇರಿದ ಮೇಲೆ ಕಿಟಕಿಯ ಬಳಿ ಕೂರುತ್ತಾಳೆ. ಕೊರಳಿಗೆ ಒದ್ದೆ ಕರ್ಚೀಫು. ಅದು ಒಣಗಿದರೆ ಯಾರಾದರೊಬ್ಬ ಹುಡುಗಿ ಹೇಳದೆಯೇ ನೆನೆಸಿ ತರುತ್ತಾಳಂತೆ. ತಿಂಗಳು ಮುಗಿಯಿತು, ಪುಷ್ಪಾ ಕೆಲಸ ಬಿಡಲಿಲ್ಲ.

ಎಲ್ಲ ಸರಿಹೋಯಿತು ಎಂದು ನಾನು ಬರೆಯಲಾರೆ. ಕೆಲವು ಸಂಜೆ ಇಂದಿಗೂ ಕಾಲು ಎಳೆಯುತ್ತದೆ. ಮಾತ್ರೆ ಶುರುವಾದ ಮೇಲೆ ನಿದ್ದೆ ಪರವಾಗಿಲ್ಲ ಎನ್ನುತ್ತಾಳೆ. ಮುಂದೆ ಮುಟ್ಟು ಪೂರ್ತಿ ನಿಂತ ಮೇಲೆ ಕಾಯಿಲೆ ಏನು ಮಾಡುತ್ತದೋ ಯಾರಿಗೂ ತಿಳಿಯದು. ಪ್ರತಿ ಸಲ ಡಾಕ್ಟರ ಬಳಿ ಹೊರಟಾಗ ನಾನು ಅವಳ ಕೈಗೆ ಒಂದು ಪ್ರಶ್ನೆ ಕೊಟ್ಟು ಕಳಿಸುತ್ತೇನೆ. ಅವಳು ಉತ್ತರ ತಂದು ಹೇಳುತ್ತಾಳೆ, ಕೆಲವು ಸಲ ಉತ್ತರವಿಲ್ಲ ಎಂಬುದನ್ನೇ ತಂದು ಹೇಳುತ್ತಾಳೆ.

ಜಗುಲಿಯ ಆ ಮೂಲೆ ಖಾಲಿ ಉಳಿಯಲಿಲ್ಲ. ಮಧ್ಯಾಹ್ನ ಚಿಕ್ಕನಂಜಮ್ಮ ಮೊರ ಹಿಡಿದು ಅಲ್ಲಿಗೆ ಬರುತ್ತಾರೆ. ಮೊನ್ನೆ ಅವರೆಕಾಳು ಆರಿಸುತ್ತಿದ್ದಾಗ ನಾನು ತಮಾಷೆಗೆ ಹೇಳಿದೆ: ಮುಟ್ಟು ಬಂದಾಗ ಊರಿಗೆಲ್ಲ ಚಿಗಳಿ ಹಂಚುತ್ತೇವೆ, ನಿಮ್ಮ ಸೊಸೆಯದು ನಿಲ್ಲುವಾಗಲೂ ನಮಗೆ ಚಿಗಳಿ ಸಿಗಬೇಡವೇ? ಅವರು ಬಾಯಿಗೆ ಸೆರಗು ಹಿಡಿದು ನಕ್ಕರು. ನಕ್ಕು ಮುಗಿಸಿ ಗಂಭೀರವಾಗಿ ಯೋಚಿಸಿದರು.

“ಎಳ್ಳು ಉಸ್ಣ ಟೀಚರಮ್ಮ. ಅವ್ಳಿಗಾಗಕಿಲ್ಲ.”

ತಿನ್ನುವ ಎಳ್ಳಿಗೂ ಡಾಕ್ಟರು ಹೇಳಿದ ಬಿಸಿಗೂ ಸಂಬಂಧವಿಲ್ಲ ಎಂದು ನನಗೆ ಗೊತ್ತು. ಆದರೂ ಹೌದೆಂದು ತಲೆಯಾಡಿಸಿ ಕಾಳು ಆರಿಸತೊಡಗಿದೆ. ಸಂಜೆ ಪುಷ್ಪಾ ಬಸ್ಸಿಳಿದು ಬರುವ ಹೊತ್ತಿಗೆ ಅವರು ಒಂದು ಸ್ಟೀಲ್ ತಂಬಿಗೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ನನ್ನ ಜಗುಲಿಗೆ ಬಂದರು. ಚಿಗಳಿಯ ಬದಲಿಗೆ ಬೇಲದ ಹಣ್ಣಿನ ಪಾನಕ. ನನಗೊಂದು ಲೋಟ, ಬೀದಿಯಲ್ಲಿ ಹೋಗುತ್ತಿದ್ದ ಎದುರುಮನೆಯವರನ್ನು ಕರೆದು ಅವರಿಗೊಂದು ಲೋಟ ಕೊಟ್ಟರು. ಏನು ವಿಶೇಷ ಎಂದು ಅವರು ಕೇಳಿದ್ದಕ್ಕೆ, “ನಮ್ ಸೊಸೆದು,” ಎಂದಷ್ಟೇ ಹೇಳಿ, ತಂಬಿಗೆಯ ತಳದಲ್ಲಿ ತಣ್ಣಗೆ ಉಳಿದದ್ದನ್ನೆಲ್ಲ ಪುಷ್ಪಾಳ ಲೋಟಕ್ಕೆ ಬಗ್ಗಿಸಿದರು. ಅವಳು ಅದನ್ನು ಎಡಗೈಯಲ್ಲಿ ಹಿಡಿದು ಕುಡಿದಳು.